ಪಾಷಾ ಭಾಯಿಗೆ ವಾಸನೆ ಹೋದ ಮೇಲೆ

ನಮ್ಮ ಮನೆಯಲ್ಲಿ ಕುಡಿಯುವ ಗಂಡಸಿಲ್ಲದ ಕೊರತೆಯನ್ನು ನನ್ನ ಹಳೇ ಪೆಟ್ರೋಲ್ ಜೀಪು ತೀರಿಸಿದೆ ಎನ್ನುತ್ತಾಳೆ ಹೆಂಡತಿ ಸುಕನ್ಯ. ಸಾವಿರದ ಮುನ್ನೂರು ಸಿಸಿ, ನಾಲ್ಕು ಸಿಲಿಂಡರ್, ಹಳೇ ಕಾಲದ ಕಾರ್ಬ್ಯುರೇಟರ್. ಬಂಡೆ ಹತ್ತು ಎಂದರೆ ಹತ್ತುತ್ತದೆ, ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಲ್ಲು ಎಂದರೆ ಕಾದು ಮುಷ್ಕರ ಹೂಡುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗುವುದು ಮಾಮೂಲಿ. ಇಂಧನ ಎಳೆಯುವ ಪಂಪಿನೊಳಗಿನ ರಬ್ಬರ್ ಪದರ ಹರಿದರಂತೂ ಪೆಟ್ರೋಲ್ ಸದ್ದಿಲ್ಲದೆ ಎಂಜಿನ್ ಆಯಿಲಿಗೆ ಇಳಿದು ಅದನ್ನು ನೀರು ಮಾಡಿಬಿಡುತ್ತದೆ. ತಿಳಿಯದೆ ಓಡಿಸಿದರೆ ಎಂಜಿನ್ ಕಥೆ ಮುಗಿಯಿತು.

ಅದನ್ನು ಹಿಡಿಯಲು ಶಿವಾಜಿನಗರದ ಮೆಕ್ಯಾನಿಕ್ ಅಹ್ಮದ್ ಪಾಷಾ ಭಾಯಿಗೆ ಮೂಗೊಂದು ಸಾಕಿತ್ತು. ಆಯಿಲ್ ಅಳೆಯುವ ಕಡ್ಡಿ ಡಿಪ್‌ಸ್ಟಿಕ್ ಎಳೆದು ಮೂಸಿ, ಪೆಟ್ರೋಲ್ ಬೆರೆತಿದೆಯೋ, ಕಾದು ಸುಟ್ಟಿದೆಯೋ ಹೇಳುತ್ತಿದ್ದರು. ಗ್ಯಾರೇಜು ನಡೆಯುತ್ತಿದ್ದದ್ದೇ ಆ ಮೂಗಿನ ಮೇಲೆ.

ಕೊರೊನಾ ಜ್ವರ ಬಂದು ಹೋಗುವಾಗ ಅವರ ವಾಸನೆ ಹಿಡಿಯುವ ಶಕ್ತಿಯನ್ನೂ ಕೊಂಡೊಯ್ದಿತು. ಬೇರೆಯವರಿಗೆ ತಿಂಗಳೊಪ್ಪತ್ತಿನಲ್ಲಿ ಮರಳಿತು, ಇವರಿಗೆ ಬರಲೇ ಇಲ್ಲ. ಅದೇ ಹೊತ್ತಿಗೆ ಹಳೇ ಜೀಪಿನ ಶೋಕಿ ಹತ್ತಿದವರು ಗ್ಯಾರೇಜಿನ ಮುಂದೆ ಸಾಲುಗಟ್ಟಿದರು. ಕಡಲೆ ಇದ್ದರೆ ಹಲ್ಲಿಲ್ಲ ಎನ್ನುವಂತಾಯಿತು. ನನಗೆ ಇದು ತಿಳಿದದ್ದು ಜಗಳದಿಂದ. ಡಿಪ್‌ಸ್ಟಿಕ್ ಒರೆಸಿದ ಬಟ್ಟೆ ಹಿಡಿದು ಅವರು ಗ್ಯಾರೇಜಿನ ಹಿಂದಿನ ತಮ್ಮ ಮನೆಯೊಳಗೆ ಹೋಗಿ ಬರುವುದನ್ನು ನೋಡಿ ನನಗೆ ತಲೆ ಕೆಟ್ಟಿತ್ತು.

"ಏನ್ ಭಾಯ್, ನನ್ ಗಾಡಿ ಆಯಿಲ್ನ ಮನೆಯೋರ್ಗೆಲ್ಲ ತೋರಿಸ್ಕೊಂಡ್ ಬರ್ತೀರಾ?"

"ನಂಗೆ ವಾಸ್ನೆ ಗೊತ್ತಾಗಲ್ಲ ಮುನೀಂದ್ರಣ್ಣ. ಬಿಲ್ಕೀಸ್ ಮೂಸಿ ಹೇಳ್ತಾಳೆ," ಎಂದರು. "ಯಾರ್ಗೂ ಹೇಳ್ಬೇಡಿ. ಗೊತ್ತಾದ್ರೆ ಗಿರಾಕಿ ಬರಲ್ಲ."

ನಾನು ಬಾಯಿ ಮುಚ್ಚಿಕೊಂಡೆ. ಅವರ ಹೆಂಡತಿ ಬಿಲ್ಕೀಸ್ ಒಲೆ ಮುಂದಿನಿಂದ ಎದ್ದು, ಈರುಳ್ಳಿ ಹೆಚ್ಚಿದ ಕೈ ತೊಳೆದು, ವರ್ಷಗಟ್ಟಲೆ ಊರವರ ಜೀಪಿನ ಆಯಿಲ್ ಮೂಸಿದರು. ಒಂದು ದಿನವೂ ಗೊಣಗಲಿಲ್ಲ.

ಕಳೆದ ಚಳಿಗಾಲ ಎದೆನೋವೆಂದು ಮಲಗಿದ ಆ ತಾಯಿ ಮತ್ತೆ ಏಳಲಿಲ್ಲ. ಬಹಳ ದಿನ ಗ್ಯಾರೇಜಿನ ಬಾಗಿಲು ಹಾಕಿತ್ತು. ತೆರೆದ ಮೇಲೆ ನಾನು ಜೀಪು ಒಯ್ದೆ. ಪಾಷಾ ಭಾಯಿ ಡಿಪ್‌ಸ್ಟಿಕ್ ಎಳೆದು, ಬಟ್ಟೆಗೆ ಒರೆಸಿ, ರೂಢಿಯಂತೆ ಮನೆಯ ಕಡೆ ಹೊರಟವರು ಅಲ್ಲೇ ನಿಂತುಬಿಟ್ಟರು. ಬಟ್ಟೆ ಇಸಿದುಕೊಂಡು ನಾನೇ ಮೂಸಿದೆ.

"ಪೆಟ್ರೋಲ್ ಐತೆ ಭಾಯ್," ಎಂದೆ. ಅವರು ಪಂಪ್ ಬಿಚ್ಚತೊಡಗಿದರು.

ಅಷ್ಟರಲ್ಲಿ ಮಗಳು ಶೀಬಾ ತಾಯಿಯ ಬಟ್ಟೆಗಳ ಗಂಟು ಹೊತ್ತು ಹೊರಬಂದಳು. ಬಡವರಿಗೆ ಕೊಡಲು ಕಟ್ಟಿದ್ದು. ಒಂದು ದುಪಟ್ಟಾ ಮಾತ್ರ ಗಂಟಿಗೆ ಸೇರದೆ ಅವಳ ಕೈಯಲ್ಲಿತ್ತು. ಇದನ್ನು ಕೊಡುವುದಿಲ್ಲ, ಇದರಲ್ಲಿ ಅಮ್ಮಿಯ ವಾಸನೆ ಇನ್ನೂ ಇದೆ ಎಂದು ಅವರ ಉರ್ದುವಿನಲ್ಲಿ ಅಪ್ಪನಿಗೆ ಹೇಳಿದಳು. ಇಷ್ಟು ವರ್ಷದ ಒಡನಾಟದಲ್ಲಿ ನನಗೂ ಆ ಭಾಷೆ ತಿಳಿಯುತ್ತದೆ.

ಪಾಷಾ ಭಾಯಿ ಎದ್ದು, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡರು. ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದರು. ಮತ್ತೆ ಎಳೆದರು. ಆಮೇಲೆ ಅದನ್ನು ಮಗಳ ಕೈಗೇ ಕೊಟ್ಟು, ಹೇಗಿದೆ ಹೇಳಮ್ಮಾ ಎಂದು ಕೇಳಿದರು.

ಶೀಬಾ ಮೂಸಿದಳು. ಈರುಳ್ಳಿ, ಒಂಚೂರು ಪೆಟ್ರೋಲ್ ಎಂದಳು.