ಬೀಗ ಹಾಕಿಸಿದವರೇ ನೋಟಿಸು ಅಂಟಿಸಿದರು

ಮಿತ್ರರೇ, ನನ್ನ ಮಗ ತೀರಿಕೊಂಡಾಗ ಮಾತನಾಡಿಸಲು ಬಂದ ವಸತಿ ಕಚೇರಿಯ ಅಧಿಕಾರಿಯೊಬ್ಬರು, “ನಕ್ಷತ್ರ ಸರಿಯಿಲ್ಲ ಸಾರ್, ಆರು ತಿಂಗಳು ಮನೆ ಮುಚ್ಚಿಡಿ” ಎಂದು ಒತ್ತಾಯಿಸಿ ಬೀಗ ಹಾಕಿಸಿದ್ದರು. ಈಗ ಅದೇ ಮಹಾಶಯರು, ಮನೆಗೆ ಬೀಗ ಹಾಕಿರುವುದರಿಂದ ಹಂಚಿಕೆಯನ್ನು ಏಕೆ ರದ್ದುಪಡಿಸಬಾರದು ಎಂದು ಆ ಬಾಗಿಲಿಗೇ ನೋಟಿಸು ಅಂಟಿಸಿದ್ದಾರೆ. ಮಗನ ಹೆಸರಿಗೆ ಹಂಚಿಕೆಯಾಗಿದ್ದ ಹೂಟಗಳ್ಳಿಯ ಆ ಸರ್ಕಾರಿ ಯೋಜನೆಯ ಮನೆ ಕೈತಪ್ಪಿದರೆ ನನ್ನ ಸೊಸೆಗೆ ತನ್ನದೆನ್ನುವ ಸೂರು ಇನ್ನೊಂದಿಲ್ಲ.

ಇಂದು ಬೆಳಿಗ್ಗೆ ಅವಳೊಡನೆ, ಇಂಥ ಮನೆಗಳ ವ್ಯಾಜ್ಯಗಳನ್ನೇ ನಡೆಸುವ ವಕೀಲರ ಬಳಿಗೆ ಹೋದೆ. “ಕಾನೂನಿನಲ್ಲಿ ನಕ್ಷತ್ರ ಇಲ್ಲ ಸಾರ್. ನಿಮ್ಮ ಮಗನ ಹೆಂಡತಿ ಅಲ್ಲೇ ವಾಸವಿದ್ದರೆ ನಮ್ಮ ವಾದ ಗಟ್ಟಿ. ಇವತ್ತೇ ಬೀಗ ತೆಗೆದು ಒಲೆ ಹಚ್ಚಿಸಿ, ಉತ್ತರ ನಾನು ಬರೆದುಕೊಡ್ತೀನಿ” ಎಂದರು.

ಅಲ್ಲಿಂದ ನೇರವಾಗಿ ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತೆ.

“ಮುಚ್ಚಿಡಿ ಎಂದವರು ತಾವೇ ಅಲ್ಲವೇ?”

“ಅದು ನಿಮ್ಮ ಮನೆಯವನ ಥರ ಹೇಳಿದ್ದು ಸಾರ್. ಇದು ಡ್ಯೂಟಿ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಗೆದ್ದವನು ನಾನು. ಎದುರಾಳಿ ಮತ್ತು ತೀರ್ಪುಗಾರ ಒಬ್ಬನೇ ಆದಾಗ ಏನು ಮಾಡಬೇಕೆಂದು ಮಾತ್ರ ಅಲ್ಲಿ ಯಾರೂ ಕಲಿಸಿರಲಿಲ್ಲ.

ಸೊಸೆ ಬ್ಯಾಗಿನಿಂದ ಕೀಲಿಕೈ ತೆಗೆದಳು. “ಬನ್ನಿ ಮಾವ, ಹೋಗೋಣ. ಅದು ಅವರು ಬದುಕಿದ್ದ ಮನೆ. ನಂಗ್ಯಾವ ಭಯಾನೂ ಇಲ್ಲ.”

ನಾವು ಬಾಗಿಲು ದಾಟುವಷ್ಟರಲ್ಲಿ ಅಧಿಕಾರಿ ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದರು. “ಅಯ್ಯೋ, ಇವತ್ತು ಮಂಗಳವಾರ ಕಣಮ್ಮ! ನಾಳೆ ಬೀಗ ತೆಗಿ, ಒಳ್ಳೇದಾಗುತ್ತೆ.”

ಸ್ವತಃ ಅವರೇ ಸಹಿ ಮಾಡಿರುವ ನೋಟಿಸಿನ ಗಡುವು ಇಂದು ಸಂಜೆಗೆ ಮುಗಿಯುತ್ತದೆ.