ಮನ್ಮಥಪ್ಪನವರ ವಾರಂಟಿ

ಬೀದರ್ ಕಡೆಯ ಮನ್ಮಥಪ್ಪನವರು ಮಹಾರಾಷ್ಟ್ರದ ವೈಜಾಪುರದಲ್ಲಿ ಮಿಕ್ಸರ್ ಅಂಗಡಿ ಇಟ್ಟುಕೊಂಡು ಎಂಬತ್ತರ ದಶಕವನ್ನು ಸುಖವಾಗಿಯೇ ಕಳೆದವರು. ಅವರಿಗೆ ಸಿಟ್ಟು ಬರುತ್ತಿದ್ದುದು ಒಂದಕ್ಕೇ: ಯಾರಾದರೂ ವಾರಂಟಿಯನ್ನು ಗ್ಯಾರಂಟಿ ಎಂದರೆ.

ಒಂದು ದಿನ ಆ ಊರಿನ ಬ್ಯಾಂಕಿನಲ್ಲಿದ್ದವರೊಬ್ಬರ ಹೆಂಡತಿ, ಧಾರವಾಡದ ಅಂಬುಜಾ, ಸುಟ್ಟ ಮಿಕ್ಸರ್ ತಂದಿಟ್ಟರು. ಗೌರಿ ಪೂಜೆಗೆ ಅಂಗಡಿಯ ಅರಿಶಿನಪುಡಿ ಮಡಿಗೆ ಬರುವುದಿಲ್ಲವೆಂದು, ಒಣಗಿದ ಅರಿಶಿನ ಕೊಂಬುಗಳನ್ನು ಇಡಿಯಾಗಿ ಹಾಕಿ ತಿರುಗಿಸಿದ್ದರು.

"ಗ್ಯಾರಂಟಿ ಅದಲ್ರಿ, ಹೊಸಾದು ಕೊಡ್ರಿ."

"ವೈನಿ, ಗ್ಯಾರಂಟಿ ಅಂದ್ರ ಕೆಟ್ಟದ್ದು ತಗೊಂಡು ಹೊಸಾದು ಕೊಡೂದು. ವಾರಂಟಿ ಅಂದ್ರ ಅದನ್ನೇ ರಿಪೇರಿ ಮಾಡಿ ಕೊಡೂದು. ಇದು ವಾರಂಟಿ. ಅದೂ ಚಟ್ನಿಗಿ, ಅರಿಶಿಣ ಕೊಂಬಿಗಲ್ಲ!"

ಹೀಗೆ ಗುಡುಗಿದವರೇ ಗೊಣಗುತ್ತ ಮೋಟಾರ್ ಬಿಚ್ಚಿ, ಹೊಸ ತಂತಿ ಸುತ್ತಿದರು. ಸಂಜೆ ಅಂಬುಜಾ ಬಂದಾಗ ಮಿಕ್ಸರ್ ಗರ್ರೆನ್ನುತ್ತಿತ್ತು; ಮನ್ಮಥಪ್ಪನವರು ದುಡ್ಡು ಮುಟ್ಟಲಿಲ್ಲ.

"ಇಂಥಾ ಸಿಟ್ಟಿನವರನ್ನ ಹೆಂಗ ಸಂಭಾಳಸ್ತೀರಿ?" ಎಂದು ಅಂಬುಜಾ, ಚಹಾ ತಂದ ಮನ್ಮಥಪ್ಪನವರ ಹೆಂಡತಿ ಶಾಂತಾಬಾಯಿಯನ್ನು ಕೇಳಿದರು.

"ಇವರ ವಾರಂಟಿ ಯಾವಾಗೋ ಮುಗದದರಿ. ದಿನಾ ನಾನೇ ರಿಪೇರಿ ಮಾಡ್ಕೋತೀನಿ," ಎಂದು ಶಾಂತಾಬಾಯಿ ಚಹಾ ಮುಂದಿಟ್ಟರು. "ಆದ್ರ ಬದಲಿಗಿ ಹೊಸಾದು ಕೊಡ್ತೀನಂದ್ರೂ ನನಗ ಬ್ಯಾಡ್ರಿ."