ತುಂಬೆಯ ಬಿಳುಪು

ನೀರುಬಣ್ಣದಲ್ಲಿ ಗಿಡ ಬರೆಯೋದು ಕಲೀತೀನಿ ಅಂತ ಹೊರಟಾಗ ನನಗೆ ಹದಿನಾರು. ದಾಸವಾಳ, ಗುಲಾಬಿ ಎಲ್ಲ ಬಿಟ್ಟು ತುಂಬೆ ಗಿಡದ ಮುಂದೆ ಹೋಗಿ ಕೂತೆ, ನನ್ನ ಬುದ್ಧಿಗಿಷ್ಟು! ಅಪ್ಪ ದಿನಾ ಬೆಳಗ್ಗೆ ಅಂಗೈಲಿ ಲಿಂಗ ಇಟ್ಟುಕೊಂಡು ಏರಿಸುತ್ತಿದ್ದದ್ದು ಆ ಹೂವನ್ನೇ. ನನಗೆ ಅದಕ್ಕಿಂತ ಚೆಂದದ್ದು ಗೊತ್ತಿರಲಿಲ್ಲ.

ಬಣ್ಣದ ಪೆಟ್ಟಿಗೆ ಕೊಟ್ಟವರು ಕೊಳ್ಳೇಗಾಲದ ಸ್ಕೂಲಿನ ಟೀಚರಮ್ಮ. ಆಗ ನಮ್ಮ ಸೀಮೆ ಮದರಾಸಿಗೆ ಸೇರಿತ್ತು, ಪೆಟ್ಟಿಗೆಯೂ ಅಲ್ಲಿಂದಲೇ ಬಂದದ್ದು. ಅರ್ಧ ಸವೆದ ಬಿಲ್ಲೆಗಳು. ಬಿಳಿ ಬಿಲ್ಲೆ ಮಾತ್ರ ಇರಲಿಲ್ಲ. "ಬಿಳಿ ಹಚ್ಚಬಾರದಮ್ಮ. ಸುತ್ತ ಹಸಿರು ಹಾಕಿ ಹೂವಿನ ಜಾಗ ಹಾಗೇ ಬಿಡು, ಕಾಗದಾನೇ ಹೂವಾಗುತ್ತೆ" ಅಂದಿದ್ದರು. ನಾಲ್ಕು ಹಾಳೆ ಕೆಡಿಸಿದ ಮೇಲೆ ಐದನೆಯದು ಒಂದಿಷ್ಟು ಗಿಡದ ಹಾಗೆ ಕಂಡಿತು.

ಆ ಬೇಸಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಲಿಂಗ ಹಿಡಿಯುವ ಎಡಗೈಯೇ ಬಿದ್ದುಹೋಯಿತು. ನಾನು ಆ ಕೈಯನ್ನು ಕೆಳಗಿನಿಂದ ಎತ್ತಿ ಹಿಡಿದರೆ ಬಲಗೈಲಿ ಪೂಜೆ ಮಾಡುತ್ತಿದ್ದ. "ತುಂಬೆ ಊ ಇಲ್ವೇನವ್ವ?" ಅಂತ ದಿನಾ ಕೇಳೋನು. ಮಧುವನಹಳ್ಳಿ ಸುತ್ತ ಬದುವೆಲ್ಲ ಒಣಗಿ ಬಿರುಕು ಬಿಟ್ಟಿತ್ತು; ಎಲ್ಲಿಂದ ತರಲಿ? ಕಣಗಿಲೆ ಕೊಟ್ಟರೆ ಪಕ್ಕಕ್ಕಿಡುತ್ತಿದ್ದ. ಮಳೆ ಬರೋತನಕ ಅವನು ಉಳಿಯಲ್ಲ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ನನಗೂ.

ಒಂದು ಬೆಳಗ್ಗೆ ನನ್ನ ಚಿತ್ರ ತಂದು ಅವನ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದ.

"ಎಲೆ ಚೆನ್ನಾಗದೆ ಮಗಾ. ಊವ ಯಾಕೆ ಕಿತ್ಬುಟ್ಟೆ?"

"ಕಿತ್ತಿಲ್ಲ! ಅಲ್ಲೇ ಅದೆ. ಕಣ್ಣು ಬುಟ್ಟು ನೋಡಪ್ಪ!"

ಪೊರೆ ಬಂದ ಕಣ್ಣಿನವನಿಗೆ ಆಡಿದ ಮಾತು ಅದು. ನನ್ನ ಬಾಯಿಗೆ ಮಣ್ಣು ಹಾಕ. ಅವನು ಸಿಟ್ಟಾಗಲಿಲ್ಲ, "ಇದ್ರೂ ಇರ್ಬೋದು" ಅಂದ.

ಮಧ್ಯಾಹ್ನ ಅವನ ವಿಭೂತಿಗಟ್ಟಿಯನ್ನೇ ನೀರಲ್ಲಿ ತೇದು ಹೂವಿನ ಜಾಗಕ್ಕೆ ಹಚ್ಚಿದೆ. ಹಸಿಯಲ್ಲಿ ಏನೂ ಕಾಣಲಿಲ್ಲ. ಮತ್ತೆ ಬಳಿದೆ, ಇನ್ನೊಂದು ಸಲ ಬಳಿದೆ. ಒಣಗುತ್ತಾ ಬಂದ ಹಾಗೆ ಹೂವು ಒಂದೊಂದೇ ಬೆಳ್ಳಗೆ ಎದ್ದವು. "ಪೂಜೆ ಇಬೂತೀನ ಆಟಕ್ಕೆ ತಕಂಡ್ಯಾ?" ಅಂತ ಅವ್ವ ಬೈದಳು.

ಮಾರನೇ ಬೆಳಗ್ಗೆ ಪೂಜೆ ಹೊತ್ತಿಗೆ ತೋರಿಸಿದೆ. "ಈಗ ಬುಟ್ಟದೆ ನೋಡು ಊವು!" ಅಂತ ಅಪ್ಪ ನಕ್ಕ, ಹೂವಿನ ಮೇಲೆ ಬೆರಳಾಡಿಸಿದ. ಗೋಂದು ಬೆರೆಸಬೇಕು ಅಂತ ನನಗೆಲ್ಲಿ ಗೊತ್ತು? ಬಿಳಿಯೆಲ್ಲ ಬೆರಳಿಗೆ ಬಂತು. ನಾನು ಅಯ್ಯೋ ಅನ್ನುವಷ್ಟರಲ್ಲಿ ಆ ಬೆರಳನ್ನು ಲಿಂಗಕ್ಕೆ ಮುಟ್ಟಿಸಿ ಹಣೆಗೆ ಎಳೆದುಕೊಂಡ. "ಸಾಕು ಕಣವ್ವ" ಅಂದ.

ಅದಾಗಿ ಎಂಟು ದಿನಕ್ಕೆ ಅಪ್ಪ ಹೋದ. ಮಳೆ ಹಿಡಿದ ಮೇಲೆ ಬದುವಿನ ಉದ್ದಕ್ಕೂ ತುಂಬೆ ಹೂ ಬಿಟ್ಟಿತು. ನೋಡಲಾರದೆ ಆ ಕಡೆ ಹೋಗೋದನ್ನೇ ಬಿಟ್ಟೆ. ಟೀಚರಮ್ಮ ಚಿತ್ರ ನೋಡಿ, "ಇಲ್ಲಿ ಕೆಟ್ಟುಹೋಗಿದೆ, ಹೊಸದು ಬರಿಯಮ್ಮ" ಅಂದರು. ಕೆಟ್ಟಿರೋದು ನಿಜ. ಹೂವಿರಬೇಕಾದ ಕಡೆ ಒರೆಸಿದ ಬೂದಿ ಬಣ್ಣದ ಗುರುತು ಇದೆ, ಅಪ್ಪನ ಬೆರಳಿನಗಲ. ನಾನು ಅದನ್ನು ತಿದ್ದಲಿಲ್ಲ. ತುಂಬೆಯನ್ನು ಮತ್ತೆ ಬರೆಯಲೂ ಇಲ್ಲ.